ಮಿಕ್ಕಿದ ಆರು ಕೈ

ಬಾಳೂರು ಕಡೆಯ ಆ ಸಣ್ಣ ಪಿಯು ಕಾಲೇಜಿಗೆ ಮಹಮೂದಾ ಗಣಿತ ಕಲಿಸಲು ಬಂದದ್ದು ಆಗಸ್ಟ್ ತಿಂಗಳಲ್ಲಿ, ತರಗತಿಗಳು ಶುರುವಾಗಿ ಎಷ್ಟೋ ದಿನವಾದ ಮೇಲೆ. ಅತಿಥಿ ಉಪನ್ಯಾಸಕಿಯ ಕೆಲಸ. ಮೂಡಿಗೆರೆಯಲ್ಲಿ ಅವಳ ಅಪ್ಪನದೊಂದು ಗ್ಯಾರೇಜಿತ್ತು. ಬೆಳಿಗ್ಗೆ ಅಲ್ಲಿಂದ ಬಸ್ಸು ಹಿಡಿದು ಬರುವಳು, ಸಂಜೆ ಅದೇ ಬಸ್ಸಿಗೆ ವಾಪಸು. ಮೊದಲ ವರ್ಷದ ವಿಜ್ಞಾನದ ತರಗತಿಯಲ್ಲಿ ಇದ್ದವರು ಆರೇ ಮಂದಿ. ಕಾಫಿ ತೋಟದ ಮನೆಯ ಪ್ರಶಾಂತ್. ಜೀಪು ಓಡಿಸುವವರ ಮಗ ಸುಫಿಯಾನ್. ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಯಲ್ಲಿ ಬೆಳೆದ ಧನ್ಯಾ. ರಸ್ತೆ ಬದಿಯ ದಿನಸಿ ಅಂಗಡಿಯವರ ಮಗಳು ಅಮ್ನಾ. ಮತ್ತೆ ದರ್ಶನ್, ತಾಹಾ ಎಂಬ ಇಬ್ಬರು, ಯಾವಾಗಲೂ ಜೊತೆಗೇ ಇರುವವರು.

ಎಲ್ಲರೂ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ಇಲ್ಲಿ ಪುಸ್ತಕ ತೆರೆದರೆ ಪರ್ಮ್ಯುಟೇಶನ್, ಕಾಂಬಿನೇಶನ್ ಎಂಬ ಮಾತುಗಳು ಎದುರಾಗಿ ಮುಖ ಸಣ್ಣಗಾಗುತ್ತಿತ್ತು. ಅದಕ್ಕೇ ಮಹಮೂದಾ ಪುಸ್ತಕ ಮುಚ್ಚಿಸಿ ಅವರನ್ನೇ ಎಬ್ಬಿಸಿ ನಿಲ್ಲಿಸಿ ಪಾಠ ಮಾಡುತ್ತಿದ್ದಳು. ಮೂರು ಜನ ಸಾಲಾಗಿ ನಿಂತರೆ ಎಷ್ಟು ಬಗೆಯಲ್ಲಿ ನಿಲ್ಲಬಹುದು ಎಂದು ತಾವೇ ಜಾಗ ಬದಲಿಸಿ ಬದಲಿಸಿ ನಿಂತು ಕಂಡುಕೊಂಡಾಗ ಹುಡುಗರಿಗೆ ಖುಷಿಯಾಯಿತು. ಹಿಂದುಮುಂದು ಮುಖ್ಯವಾದರೆ ಅದು ಕ್ರಮಯೋಜನೆ ಎಂದು ಅವಳು ಹೇಳಿಕೊಟ್ಟಳು. ಹಿಂದುಮುಂದು ಮುಖ್ಯವಲ್ಲದಿದ್ದರೆ ವಿಕಲ್ಪ.

ವಿಕಲ್ಪದ ಪಾಠಕ್ಕೆ ಅವಳು ಆರಿಸಿಕೊಂಡದ್ದು ಎಲ್ಲ ಮೇಷ್ಟ್ರುಗಳೂ ಕೊಡುವ ಹಳೆಯ ಲೆಕ್ಕ. ಒಂದು ಕೋಣೆಯಲ್ಲಿ ಇಷ್ಟು ಜನ ಇದ್ದಾರೆ, ಪ್ರತಿಯೊಬ್ಬರೂ ಉಳಿದವರೆಲ್ಲರ ಕೈ ಒಂದೊಂದು ಸಲ ಕುಲುಕಿದರೆ ಒಟ್ಟು ಎಷ್ಟು ಸಲ ಕೈ ಕುಲುಕಿದಂತಾಯಿತು?

ಆ ದಿನ ಬೆಳಿಗ್ಗೆಯಿಂದಲೂ ಕರೆಂಟಿರಲಿಲ್ಲ. ಮಂಜು ಇಳಿದು ಮೈದಾನದಾಚೆಯ ಸಿಲ್ವರ್ ಓಕ್ ಮರಗಳು ಕಾಣದಾಗಿದ್ದವು. ಕಿಟಕಿಯ ಮುರಿದ ಗಾಜಿನಿಂದ ಮಂಜು ಒಳಗೂ ಬರುತ್ತಿತ್ತು. ಹಿಂದಿನ ಗೋಡೆ ಮಸುಕು ಮಸುಕು.

"ಬೆಂಚೆಲ್ಲ ಹಿಂದೆ ತಳ್ಳಿ," ಎಂದಳು ಮಹಮೂದಾ. "ಮಧ್ಯಕ್ಕೆ ಬನ್ನಿ. ಒಬ್ಬೊಬ್ಬರೂ ಉಳಿದವರೆಲ್ಲರ ಕೈ ಕುಲುಕಬೇಕು. ಒಬ್ಬರದ್ದು ಒಂದೇ ಸಲ. ಪ್ರತಿ ಸಲವೂ ಇಬ್ಬರಲ್ಲಿ ಒಬ್ಬರು ‘ಆಯ್ತು’ ಅನ್ನಿ. ನಾನು ಬೋರ್ಡಿಗೆ ಗೀಟು ಹಾಕ್ತಾ ಹೋಗ್ತೀನಿ."

ಅಮ್ನಾ ಹಿಂದೆ ಸರಿದು ನಿಂತಳು. ಮಹಮೂದಾಗೆ ಅರ್ಥವಾಯಿತು. "ಹುಡುಗರ ಕೈ ಮುಟ್ಟೋಕೆ ಸಂಕೋಚ ಆದ್ರೆ ದುಪಟ್ಟ ಅಡ್ಡ ಹಿಡ್ಕೋ. ನಡೆಯುತ್ತೆ," ಎಂದಳು. ಅಮ್ನಾ ದುಪಟ್ಟದ ಸೆರಗನ್ನು ಬಲಗೈಗೆ ಸುತ್ತಿಕೊಂಡಳು.

ಮಹಮೂದಾ ಬೋರ್ಡಿನ ಕಡೆ ತಿರುಗಿ ಸೀಮೆಸುಣ್ಣ ಹಿಡಿದಳು. ಬೆನ್ನ ಹಿಂದೆ ನಗು, ತಳ್ಳಾಟ, "ಆಯ್ತು", "ಆಯ್ತು". ನಾಲ್ಕು ಗೀಟು ಹಾಕಿ ಐದನೆಯದನ್ನು ಅಡ್ಡ ಎಳೆಯುತ್ತಿದ್ದಳು. ಒಂದು ಕಟ್ಟು, ಎರಡು ಕಟ್ಟು. ಎಲ್ಲೋ ನಡುವೆ ನಗು ನಿಂತುಹೋಯಿತು. ಅದು ಅವಳ ಗಮನಕ್ಕೆ ಬಂದದ್ದು ತಡವಾಗಿ. ಬರೀ "ಆಯ್ತು" ಎಂಬ ಮಾತು ಮಾತ್ರ, ಮೆಲ್ಲಗೆ, ಒಂದಾದ ಮೇಲೊಂದು. ಮೂರು ಕಟ್ಟು ತುಂಬಿದಾಗ ಸೀಮೆಸುಣ್ಣ ಕೆಳಗಿಡಲು ಹೋದಳು. ಆರು ಜನಕ್ಕೆ ಹದಿನೈದೇ ಆಗಬೇಕು.

"ಆಯ್ತು."

ಎಲ್ಲೋ ತಾನೇ ಒಂದು ಹೆಚ್ಚು ಎಳೆದಿರಬೇಕು ಎಂದುಕೊಂಡು ಗೀಟು ಹಾಕಿದಳು. ಮತ್ತೆ "ಆಯ್ತು". ಮತ್ತೆ. ಸದ್ದು ನಿಂತಾಗ ಬೋರ್ಡಿನ ಮೇಲೆ ನಾಲ್ಕು ಕಟ್ಟು, ಪಕ್ಕದಲ್ಲೊಂದು ಗೀಟು. ಇಪ್ಪತ್ತೊಂದು.

"ಯಾರು ತಮಾಷೆ ಮಾಡಿದ್ದು?" ಎಂದು ತಿರುಗಿದಳು.

ಯಾರೂ ನಗುತ್ತಿರಲಿಲ್ಲ. ಆರೂ ಜನ ಒಬ್ಬರಿಂದೊಬ್ಬರು ದೂರ ನಿಂತಿದ್ದರು. ಸುಫಿಯಾನ್ ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ.

"ಸರಿ. ಯಾರ್ಯಾರು ಎಷ್ಟು ಕೈ ಕುಲುಕಿದ್ರಿ, ಒಬ್ಬೊಬ್ಬರೇ ಹೇಳಿ. ಪ್ರಶಾಂತ್?"

"ಆರು, ಮೇಡಂ."

"ನಿನ್ನ ಬಿಟ್ಟರೆ ಐದು ಜನ ತಾನೇ ಇರೋದು?"

"ಗೊತ್ತು ಮೇಡಂ. ಆದ್ರೆ ಆರು."

ದರ್ಶನ್ ಆರು ಎಂದ. ತಾಹಾ ಆರು ಎಂದ. ಧನ್ಯಾ ಬಾಯಿ ಬಿಡದೆ ಬೆರಳು ತೋರಿಸಿದಳು, ಆರು. ಅಮ್ನಾ ದುಪಟ್ಟದ ಸೆರಗನ್ನು ಮುಂದೆ ಹಿಡಿದಳು. ಅಂಗೈ ಅಗಲದಷ್ಟು ಜಾಗ ಒದ್ದೆಯಾಗಿ ಬಣ್ಣ ಗಾಢವಾಗಿತ್ತು.

"ಮಂಜಿಗೆ ಒದ್ದೆಯಾಗಿರುತ್ತೆ," ಎಂದಳು ಮಹಮೂದಾ. "ಕತ್ತಲಲ್ಲಿ ಒಬ್ಬರ ಕೈಯೇ ಎರಡು ಸಲ ಕುಲುಕಿರ್ತೀರಿ. ಕೂತ್ಕೊಳ್ಳಿ." ಗೀಟುಗಳನ್ನು ಒರೆಸಿ ಸೂತ್ರ ಬರೆದು ಪಾಠ ಮುಗಿಸಿದಳು.

ಸಂಜೆ ಬಸ್ಸಿನಲ್ಲಿ ಕೂತಾಗಲೂ ಲೆಕ್ಕ ತಲೆಯಿಂದ ಹೋಗಲಿಲ್ಲ. ಒಂದು ಸಲ ಕೈ ಕುಲುಕಲು ಎರಡು ಕೈ ಬೇಕು. ಇಪ್ಪತ್ತೊಂದು ಸಲಕ್ಕೆ ನಲವತ್ತೆರಡು. ಹುಡುಗರು ಒಪ್ಪಿಕೊಂಡದ್ದು ತಲಾ ಆರು, ಅಂದರೆ ಮೂವತ್ತಾರು. ಅವರು ಒಬ್ಬರ ಕೈಯೇ ಎರಡು ಸಲ ಕುಲುಕಿದ್ದರೆ ಎರಡೂ ಲೆಕ್ಕ ಒಂದಕ್ಕೊಂದು ಹೊಂದಬೇಕಿತ್ತು. ಹೊಂದುತ್ತಿಲ್ಲ. ಆರು ಕೈ ಮಿಕ್ಕುತ್ತವೆ. ಆ ಆರೂ ಒಬ್ಬರದೇ ಆಗಿದ್ದರೆ ಮಾತ್ರ ಲೆಕ್ಕ ಸರಿ. ಆರು ಜನರ ಕೈಯನ್ನೂ ಒಂದೊಂದು ಸಲ, ಹೇಳಿಕೊಟ್ಟ ಹಾಗೆ, ಚಾಚೂ ತಪ್ಪದೆ ಕುಲುಕಿದ ಏಳನೆಯವರೊಬ್ಬರು ಅಲ್ಲಿದ್ದರೆ ಮಾತ್ರ.

ಮರುದಿನ ಕಾಲೇಜಿನ ಮೆಟ್ಟಿಲಲ್ಲೇ ಧನ್ಯಾ ಕಾದು ನಿಂತಿದ್ದಳು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ.

"ಮೇಡಂ, ನಿಮಗೆ ಯಾರೂ ಹೇಳಿರಲ್ಲ. ನೀವು ಬರೋಕೆ ಮುಂಚೆ ಆಗಿದ್ದು. ನಮ್ಮ ಲೈನಿನಲ್ಲಿ ರಂಜಿತಾ ಅಂತ ಇದ್ಲು. ನನ್ನ ಕ್ಲಾಸ್‌ಮೇಟು. ನಾವಿಬ್ರೂ ಸೈನ್ಸೇ ತಗೊಳ್ಳೋದು ಅಂತ ಮಾತಾಡ್ಕೊಂಡಿದ್ವಿ. ಜೂನ್‌ನಲ್ಲಿ ಅವ್ಳೂ ಅವ್ಳ ಅಮ್ಮನೂ ಬಂದು ಇಲ್ಲಿ ಅಡ್ಮಿಷನ್ ಮಾಡಿಸಿದ್ರು. ವಾಪಸ್ ಹೋಗ್ತಾ ಹಳ್ಳದಲ್ಲಿ ನೀರು ಬಂದಿತ್ತು. ಅದರ ಮೇಲಿನ ಮರದ ಸಂಕ ಕೊಚ್ಚಿಹೋಗಿತ್ತು. ಇಳಿದು ದಾಟೋಕೆ ಹೋದ್ರು. ಅವ್ಳಮ್ಮ ಒಬ್ರೇ ದಡಕ್ಕೆ ಬಂದ್ರು. ಅವ್ಳು ಒಂದಿನಾನೂ ಕ್ಲಾಸಲ್ಲಿ ಕೂರಲಿಲ್ಲ ಮೇಡಂ."

ಮಹಮೂದಾ ಅವಳ ಹೆಗಲ ಮೇಲೆ ಕೈಯಿಟ್ಟಳು. "ಅದನ್ನೇ ಮನಸ್ಸಲ್ಲಿ ಇಟ್ಕೊಂಡು ನಿನಗೆ ಹಾಗನಿಸಿದೆ."

"ಇಲ್ಲ ಮೇಡಂ. ರಜೆಯಲ್ಲಿ ನಾವಿಬ್ರೂ ಕಾಫಿ ಹಣ್ಣು ಕುಯ್ಯೋಕೆ ಹೋಗ್ತಿದ್ವಿ. ಅವ್ಳ ಹೆಬ್ಬೆರಳಿನ ಬುಡದಲ್ಲಿ ಒಂದು ಗಂಟಾಗಿತ್ತು. ನಿನ್ನೆ ಅದು ನನ್ನ ಕೈಗೆ ತಾಗ್ತು."

ಆಮೇಲೆ ತಲೆ ತಗ್ಗಿಸಿ, "ರಾತ್ರಿ ನಂಜಕ್ಕಂಗೂ ಹೇಳಿಬಿಟ್ಟೆ," ಎಂದಳು.

ನಂಜಕ್ಕ ಎಂದು ಅವಳು ಕರೆದದ್ದು ರಂಜಿತಾಳ ತಾಯಿ ನಂಜಮ್ಮನನ್ನು. ಮಹಮೂದಾ ಕ್ಲಾಸಿನ ಬಾಗಿಲಿಗೆ ಹೋಗುವಷ್ಟರಲ್ಲಿ ಆ ಹೆಂಗಸು ವರಾಂಡದಲ್ಲಿ ನಿಂತಿದ್ದಳು. ನಲವತ್ತರ ಆಸುಪಾಸು; ತಲೆಯ ಮೇಲಿಂದ ಬೆನ್ನಿಗೆ ಇಳಿಬಿಟ್ಟ ಪ್ಲಾಸ್ಟಿಕ್ಕು, ಕಾಲಿಗೆ ಎಸ್ಟೇಟಿನ ಗಂಬೂಟು. ಕೆಲಸ ಬಿಟ್ಟು ನೇರ ಬಂದಂತಿತ್ತು. ಬೂಟನ್ನು ಹೊರಗೇ ಬಿಚ್ಚಿಟ್ಟು ಬರಿಗಾಲಲ್ಲಿ ಹೊಸಿಲ ಹತ್ತಿರ ಬಂದಳು.

"ನನ್ನೂ ಒಂದ್ಸಲ ನಿಲ್ಸಿ ಮೇಡಂನೋರೆ. ನಂಗೆ ಲೆಕ್ಕ ಬರಲ್ಲ. ಸುಮ್ನೆ ಕೈ ಚಾಚ್ತೀನಿ."

"ಅಮ್ಮಾ, ಅದು ಬರೀ ಪಾಠ. ಹುಡುಗರು ಹೆದರಿ ಏನೋ ಹೇಳ್ತಿದ್ದಾರೆ."

"ಪಾಠಕ್ಕೇ ಬಂದಿರೋದು ಅವ್ಳು," ಎಂದಳು ನಂಜಮ್ಮ. ಆ ದನಿಯಲ್ಲಿ ಹಟ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ಮಗಳು ಊಟಕ್ಕೆ ಬಂದಿದ್ದಾಳೆ ಎನ್ನುವ ಹಾಗೆ ಹೇಳಿದಳು.

ಪ್ರಿನ್ಸಿಪಾಲರು ಮೀಟಿಂಗಿಗೆಂದು ಚಿಕ್ಕಮಗಳೂರಿಗೆ ಹೋಗಿದ್ದರು. ಬೇಡ ಎನ್ನಲು ಬೇರೆ ಯಾರೂ ಇರಲಿಲ್ಲ. ಮಹಮೂದಾ ಹುಡುಗರ ಮುಖ ನೋಡಿದಳು. ಬೇಡವೆಂದರೆ ಬಿಟ್ಟುಬಿಡೋಣ ಎಂದುಕೊಂಡಿದ್ದಳು. ಮೊದಲು ಎದ್ದವನು ಸುಫಿಯಾನ್. "ಒಂದ್ಸಲ ತಾನೇ ಮೇಡಂ," ಎಂದು ಬೆಂಚು ತಳ್ಳಿದ.

ಈ ಸಲ ಅವಳು ಬೋರ್ಡಿಗೆ ಮುಖ ಮಾಡುವ ಮೊದಲೇ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡಳು. ಕಣ್ಣಿಗೆ ಕಾಣುವವರು ಈಗ ಏಳು. ಏಳು ಜನಕ್ಕೆ ಇಪ್ಪತ್ತೊಂದು. ಇನ್ನೊಬ್ಬರಿದ್ದರೆ ಎಂಟು ಜನ, ಇಪ್ಪತ್ತೆಂಟು. ಇಪ್ಪತ್ತೊಂದಕ್ಕೆ ನಿಂತುಹೋಗಲಿ ಎಂದು ಬೇಡಿಕೊಂಡಳು. ತಿರುಗಿ ನಿಂತು ನೋಡುತ್ತಲೇ ಎಣಿಸಬಹುದಿತ್ತು. ಅವಳಿಗೆ ಧೈರ್ಯ ಬರಲಿಲ್ಲ.

"ಆಯ್ತು." ಪ್ರಶಾಂತನ ದನಿ. "ಆಯ್ತು." ಅಮ್ನಾಳದು. ಬರಿಗಾಲಿನ ಸದ್ದು, ಬಟ್ಟೆಯ ಸರಸರ. ಮೂರು ಕಟ್ಟು, ನಾಲ್ಕು ಕಟ್ಟು. ಇಪ್ಪತ್ತೊಂದು ದಾಟಿತು. ಸೀಮೆಸುಣ್ಣ ಮುರಿದು ಕೆಳಗೆ ಬಿತ್ತು; ಉಳಿದ ತುಂಡಿನಲ್ಲೇ ಎಳೆದಳು. ಐದು ಕಟ್ಟಾಯಿತು. ಮತ್ತೊಂದು. ಇನ್ನೊಂದು. ಆಮೇಲೆ ಏನೂ ಇಲ್ಲ. ಇನ್ನೊಂದು ಬರುತ್ತದೆ ಎಂದು ಕಾದಳು. ಹಂಚಿನ ಮೇಲಿಂದ ನೀರು ತೊಟ್ಟಿಕ್ಕುವುದಷ್ಟೇ ಕೇಳಿಸಿತು.

ಇಪ್ಪತ್ತೇಳು.

ಜನ ಎಷ್ಟೇ ಇರಲಿ, ಎಲ್ಲರೂ ಎಲ್ಲರ ಕೈ ಕುಲುಕಿದರೆ ಇಪ್ಪತ್ತೇಳು ಬರಲು ಸಾಧ್ಯವೇ ಇಲ್ಲ. ಎಂಟು ಜನರಿದ್ದು ಯಾವುದೋ ಒಂದು ಜೋಡಿ ಮಾತ್ರ ಒಬ್ಬರನ್ನೊಬ್ಬರು ಮುಟ್ಟದೆ ಉಳಿದರೆ ಅಷ್ಟಾಗುತ್ತದೆ. ಯಾವ ಜೋಡಿ ಎಂದು ಕೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಆದರೂ ಕೇಳಿದಳು. ಹುಡುಗರು ತಲಾ ಏಳು ಎಂದರು. ನಂಜಮ್ಮ ಇನ್ನೂ ಬಲಗೈ ಮುಂದೆ ಚಾಚಿಕೊಂಡೇ ನಿಂತಿದ್ದಳು.

"ಈ ಮಕ್ಕಳದ್ದು ಆರು ಕೈ ಬಂತು," ಎಂದಳು. "ಏನಂತೆ ಲೆಕ್ಕ?"

ಮಹಮೂದಾಗೆ ಸುಳ್ಳು ಹೇಳಬೇಕೆನಿಸಿತು. ಬಾಯಿಗೆ ಬರಲಿಲ್ಲ. "ಒಂದು ಕಡಿಮೆ ಬಂತು ಅಮ್ಮಾ. ಎಲ್ಲರಿಗೂ ಕೈ ಕೊಟ್ಟಿದ್ದಾಳೆ. ನಿಮಗೆ..."

"ಕೊಡಲ್ಲ ಅವ್ಳು." ನಂಜಮ್ಮ ಕೈ ಇಳಿಸಿದಳು. ಬೆಂಚಿನ ತುದಿಗೆ ಕೂತು, ಸೆರಗಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳತೊಡಗಿದಳು. "ಅವತ್ತು ಹಳ್ಳದಾಗೆ ನಾನು ಗಟ್ಟಿಯಾಗೇ ಹಿಡ್ಕೊಂಡಿದ್ದೆ. ಅವ್ಳ ಕಾಲು ಎದ್ದುಹೋಯ್ತು. ನನ್ನೂ ಎಳೀತಿತ್ತು ನೀರು. ನಾನು ಬಿಡ್ಲಿಲ್ಲ ಮೇಡಂನೋರೆ. ಅವ್ಳೇ ಬಿಡಿಸ್ಕೊಂಡ್ಲು. ಇನ್ನೊಂದು ಕೈಯಾಗೆ ನನ್ನ ಬೆರಳು ಬಿಚ್ಚಿದ್ಲು. ಒಂದೊಂದೇ." ಎಲ್ಲರನ್ನೂ ಒಮ್ಮೆ ನೋಡಿದಳು. "ಯಾರಿಗೂ ಹೇಳಿಲ್ಲ. ಹೇಳಿದ್ರೆ ಹುಡುಗಿ ಬೇಕಂತ್ಲೇ ಹೋದ್ಲು ಅಂದುಬಿಡ್ತಾರೆ ಜನ. ನಾನು ಮುಳುಗಬಾರ್ದು ಅಂತ ಬಿಚ್ಚಿದ್ಲು. ಈಗ್ಲೂ ಅದ್ಕೇ ಕೊಡಲ್ಲ."

ಅಮ್ನಾ ಅಳುತ್ತಿದ್ದಳು. ನಂಜಮ್ಮ ತಾನೇ ಎದ್ದು, "ಪಾಠ ಕೆಡ್ತು ನಿಮ್ದು," ಎಂದು ಹೊರಗೆ ಹೋದಳು. ಬಾಗಿಲ ಹತ್ತಿರ ಒಂದು ಗಳಿಗೆ ನಿಂತು ಹಿಂದೆ ತಿರುಗಿ ನೋಡಿದಳು. ಅವರನ್ನಲ್ಲ, ಅವರ ನಡುವಿನ ಜಾಗವನ್ನು.

ಸ್ವಲ್ಪ ಹೊತ್ತಿನ ಮೇಲೆ ತಾಹಾ ಕಿಟಕಿಯಿಂದ ಬಗ್ಗಿ ನೋಡಿ, "ಮೇಡಂ, ಬೂಟು ಇಲ್ಲೇ ಇದೆ," ಎಂದ.

"ಸಂಕ ಹೋದ್ಮೇಲೆ ಲೈನಿಗೆ ಹೋಗೋ ದಾರಿ ಮೇಲ್ಗಡೆ," ಎಂದ ಸುಫಿಯಾನ್. ಮಂಜಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದ. "ಅವ್ರು ಕೆಳಗೆ ಹೋಗ್ತಿದ್ದಾರೆ, ಹಳ್ಳದ ಕಡೆ!"

ಎಲ್ಲರೂ ಓಡಿದರು. ಕಾಫಿ ಗಿಡಗಳ ನಡುವಿನ ಕಾಲುದಾರಿ ಜಾರುತ್ತಿತ್ತು. ಕೊಂಬೆಗಳು ಮುಖಕ್ಕೆ ಬಡಿಯುತ್ತಿದ್ದವು. ಮಹಮೂದಾ ಎರಡು ಸಲ ಬಿದ್ದಳು. ಹಳ್ಳದ ಸದ್ದು ಮೊದಲು ಕೇಳಿಸಿತು, ಆಮೇಲೆ ಕೆಂಪು ನೀರು ಕಂಡಿತು. ನಂಜಮ್ಮ ಸೊಂಟದ ತನಕ ನೀರಿನಲ್ಲಿ ನಿಂತಿದ್ದಳು. ಕೈ ಮುಂದೆ ಚಾಚಿ ಯಾರನ್ನೋ ರಮಿಸುವ ದನಿಯಲ್ಲಿ, "ಕೊಡು ಮಗಾ, ಒಂದ್ಸಲ ಕೊಡು, ನಾನು ಬರ್ತಿಲ್ಲ, ಸುಮ್ನೆ ಮುಟ್ಟಿ ಬಿಡ್ತೀನಿ," ಎನ್ನುತ್ತಿದ್ದಳು. ಎದುರಿಗೆ ಮಂಜು ಬಿಟ್ಟರೆ ಏನೂ ಇರಲಿಲ್ಲ.

"ನಂಜಕ್ಕಾ!" ಧನ್ಯಾ ಕೂಗಿದಳು. ನಂಜಮ್ಮ ತಿರುಗಲಿಲ್ಲ. ಇನ್ನೊಂದು ಹೆಜ್ಜೆ ಮುಂದಿಟ್ಟಳು. ನೀರು ಎದೆಗೆ ಬಂತು.

ಯಾರೂ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಪ್ರಶಾಂತ್ ದಡದ ಮರವನ್ನು ತಬ್ಬಿ ಒಂದು ಕೈ ಚಾಚಿದ. ಆ ಕೈಯನ್ನು ದರ್ಶನ್ ಹಿಡಿದ, ಅವನದನ್ನು ತಾಹಾ, ಆಮೇಲೆ ಮಹಮೂದಾ, ಧನ್ಯಾ, ಅಮ್ನಾ. ಎಲ್ಲರಿಗಿಂತ ಮುಂದೆ ಈಜು ಬಲ್ಲ ಸುಫಿಯಾನ್. ಅಮ್ನಾ ಅವನ ಮಣಿಕಟ್ಟನ್ನು ಬರಿಗೈಯಲ್ಲೇ ಬಿಗಿಯಾಗಿ ಹಿಡಿದಿದ್ದಳು. ಸಾಲು ನೀರಿನೊಳಕ್ಕೆ ಬಾಗಿ ಇಳಿಯಿತು. ಆ ತಣ್ಣೀರಿಗೆ ಮಹಮೂದಾಗೆ ಉಸಿರೇ ನಿಂತಂತಾಯಿತು.

"ಸಾಕಾಗ್ತಿಲ್ಲ! ಇನ್ನೊಬ್ರು ಬೇಕು ಮಾರಾಯ, ಇನ್ನೊಂದು ಕೈ!" ಸುಫಿಯಾನ್ ಅರಚಿದ.

ಕೊಡಲು ಯಾರ ಹತ್ತಿರವೂ ಕೈ ಉಳಿದಿರಲಿಲ್ಲ. ಆಗ ನಂಜಮ್ಮನ ಕಾಲು ಎದ್ದಿತು. ಅವಳ ತಲೆ ಒಮ್ಮೆ ನೀರಿನೊಳಗೆ ಹೋಯಿತು. ಮಹಮೂದಾ ಕಣ್ಣು ಮುಚ್ಚಿದಳು.

ಒಮ್ಮೆಲೇ ಸಾಲು ಬಿಗಿಯಾಯಿತು. ತೋಳು ಕಿತ್ತುಬರುವಂಥ ಭಾರ. "ಎಳೀರಿ!" ಎಂದು ಸುಫಿಯಾನ್ ಕೂಗಿದ್ದು ಕೇಳಿಸಿತು. ಎಲ್ಲರೂ ಎಳೆದರು. ಬಿದ್ದು, ಎದ್ದು, ಕೆಸರಿನಲ್ಲಿ ಕಾಲು ಹೂತು ಎಳೆದರು. ನಂಜಮ್ಮ ದಡದ ಹುಲ್ಲಿನ ಮೇಲೆ ಬಂದು ಬಿದ್ದಾಗ ಅವಳ ಬಲಗೈ ಇನ್ನೂ ಮುಂದಕ್ಕೇ ಚಾಚಿತ್ತು. ನೀರು ಕಾರಿದಳು. ಉಸಿರು ತಿರುಗಿದ ಮೇಲೆ ಅವಳು ಆಡಿದ್ದು ಒಂದೇ ಮಾತು.

"ಕೊಟ್ಲು."

ಸುಫಿಯಾನನ ತಂದೆ ಜೀಪು ತಂದು ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ಧನ್ಯಾ ಜೊತೆಗೆ ಹೋದಳು. ಉಳಿದವರು ಕಾಲೇಜಿನ ವರಾಂಡದಲ್ಲಿ ಕೂತು ಪಕ್ಕದ ಮನೆಯವರು ಕೊಟ್ಟ ಬಿಸಿ ಕಾಫಿ ಕುಡಿದರು. ಸುಫಿಯಾನನ ಲೋಟ ಹಾಗೇ ಇತ್ತು. ಉಳಿದ ಹುಡುಗರು ಎದ್ದುಹೋದ ಮೇಲೆ ಅವನು ಮಹಮೂದಾಳ ಹತ್ತಿರ ಬಂದು ನಿಂತ.

"ಮೇಡಂ, ನನ್ನ ಕೈ ನಂಜಕ್ಕನ ತನಕ ಹೋಗ್ಲೇ ಇಲ್ಲ."

"ಏನೋ ಹಾಗಂದ್ರೆ? ನೀನೇ ತಾನೇ ಹಿಡಿದಿದ್ದು?"

"ನಾನು ಹಿಡಿದಿದ್ದು ಬೇರೆ ಕೈ. ಸಣ್ಣ ಕೈ. ಅದರ ಆಕಡೆ ನಂಜಕ್ಕ ಇದ್ರು." ಅವನು ಅಂಗೈ ನೋಡಿಕೊಂಡ. "ದಡಕ್ಕೆ ಬರೋವರೆಗೂ ಹಿಡ್ಕೊಂಡಿತ್ತು. ಆಮೇಲೆ ಬಿಟ್ಟಿತು."

ಮಹಮೂದಾ ಕಾಫಿ ಲೋಟವನ್ನು ಅವನ ಕೈಗಿಟ್ಟಳು. "ಕುಡಿ. ಆರ್ತಿದೆ," ಎಂದಳು.

ನಂಜಮ್ಮ ಚೇತರಿಸಿಕೊಂಡಳು. ಆದರೆ ಆ ಹಳ್ಳದ ಸದ್ದು ಕೇಳುವ ಲೈನಿನಲ್ಲಿ ಮತ್ತೆ ಇರಲು ಅವಳ ತಂಗಿ ಬಿಡಲಿಲ್ಲ. ತಂಗಿ ಮಲ್ಲಂದೂರಿನ ಒಂದು ಎಸ್ಟೇಟಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಲೆಕ್ಕ ಬರೆಯುವ ರೈಟರಿಗೆ ಹೇಳಿ ಅಕ್ಕನಿಗೂ ಜಾಗ ಮಾಡಿಸಿದಳು. ಹೊರಡುವ ದಿನ ನಂಜಮ್ಮ ಕಾಲೇಜಿಗೆ ಬಂದಳು. ಹೊಸ ಸೀರೆ ಉಟ್ಟಿದ್ದಳು, ತಲೆ ಬಾಚಿ ಹೂ ಮುಡಿದಿದ್ದಳು. ಹುಡುಗರ ತಲೆ ಸವರಿದಳು. ಮಹಮೂದಾಳನ್ನು ವರಾಂಡದ ತುದಿಗೆ ಕರೆದುಕೊಂಡು ಹೋದಳು.

"ನನ್ನ ಜೊತೆ ಬಾ ಅಂತ ಕರೆದೆ ಮೇಡಂನೋರೆ. ಬರಲ್ಲ ಅನ್ಸುತ್ತೆ. ಅವ್ಳಿಗೆ ಓದೋದಂದ್ರೆ ಭಾಳ ಆಸೆ."

"ಅಮ್ಮಾ..."

"ನೀವು ಅವ್ಳನ್ನ ಕರೀಬೇಡಿ, ಮಕ್ಕಳು ಹೆದರ್ತವೆ. ಆದ್ರೆ ಹೊರಗೂ ಕಳಿಸ್ಬೇಡಿ. ಒಂದು ಮೂಲೇಲಿ ಕೂತು ಕಲೀಲಿ."

ಮಹಮೂದಾ ತಲೆಯಾಡಿಸಿದಳು. ಒಪ್ಪಿಕೊಂಡೆನೋ, ಆ ತಾಯಿಯ ಸಮಾಧಾನಕ್ಕೆ ಹಾಗೆ ಮಾಡಿದೆನೋ ಎಂಬುದು ಅವಳಿಗೇ ಸ್ಪಷ್ಟವಿರಲಿಲ್ಲ. ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು ಕ್ಲಾಸಿಗೆ ಹೋದಳು.

ಆ ವಾರ ಅವಳು ದ್ವಿಪದ ಪ್ರಮೇಯ ಶುರುಮಾಡಿದಳು. ಎ ಪ್ಲಸ್ ಬಿ ಎಂಬ ಕಂಸಗಳನ್ನು ಸಾಲಾಗಿ ಬರೆದು, ಪ್ರತಿ ಕಂಸದಿಂದ ಒಂದನ್ನೇ ಆರಿಸಬೇಕು, ಎ ಅಥವಾ ಬಿ, ಹಾಗೆ ಆರಿಸಿ ಗುಣಿಸಿ ಎಲ್ಲ ಬಗೆಗಳನ್ನೂ ಕೂಡಿದರೆ ವಿಸ್ತರಣೆ ಸಿಗುತ್ತದೆ ಎಂದು ವಿವರಿಸಿದಳು. ಹಿಂದಿನ ಪಾಠದ ವಿಕಲ್ಪಗಳೇ ಇಲ್ಲಿ ಪದಗಳ ಮುಂದಿನ ಸಂಖ್ಯೆಗಳಾಗಿ ಬರುತ್ತವೆ ಎಂದಾಗ ಧನ್ಯಾ ತಲೆಯೆತ್ತಿ ನೋಡಿ, ಎಷ್ಟೋ ದಿನದ ಮೇಲೆ ಸಣ್ಣಗೆ ನಕ್ಕಳು. ಅವಳಿಗೆ ಅರ್ಥವಾಗಿತ್ತು.

"ಯಾರಿಗಾದ್ರೂ ಡೌಟಿದ್ಯಾ?" ಎಂದು ಮಹಮೂದಾ ಕೇಳಿದಳು.

ಪ್ರಶಾಂತ್ ಇಲ್ಲ ಎಂದ. ಉಳಿದವರೂ ಇಲ್ಲ ಎಂದು ತಲೆಯಾಡಿಸಿದರು. ಆದರೂ ಅವಳು ಕೂಡಲೇ ಮುಂದಿನ ಸಾಲಿಗೆ ಹೋಗಲಿಲ್ಲ. ಬೋರ್ಡಿನ ಪಕ್ಕಕ್ಕೆ ಸರಿದು, ಬರೆದದ್ದೆಲ್ಲ ಹಿಂದಿನ ಗೋಡೆಯವರೆಗೂ ಕಾಣುವ ಹಾಗೆ ಸ್ವಲ್ಪ ಹೊತ್ತು ನಿಂತಳು.